ರೆವಿಸ್: ಊರು ಬಿಟ್ಟವರ ಹೆಸರು

2007ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್, ಮಾರ್ಕ್ ಜಾಬ್ಲಿಂಗ್ ಮತ್ತು ಅವರ ಜೊತೆಗಾರರು ತಳಿವಿಜ್ಞಾನದ ಒಂದು ಪ್ರಬಂಧ ಪ್ರಕಟಿಸಿದರು. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತುಗಳನ್ನು ಬ್ರಿಟನ್ನಿನ ಗಂಡಸರಲ್ಲಿ ಪರೀಕ್ಷಿಸುತ್ತಿದ್ದಾಗ ಒಬ್ಬ ಬಿಳಿಯ ಇಂಗ್ಲಿಷ್ ಗೃಹಸ್ಥರಲ್ಲಿ ಅವರಿಗೆ ಎ1 ಎಂಬ ಗುಂಪಿನ ವರ್ಣತಂತು ಸಿಕ್ಕಿತ್ತು. ವೈ ವರ್ಣತಂತುಗಳ ವಂಶವೃಕ್ಷದಲ್ಲಿ ಎ ಗುಂಪು ಬುಡಕ್ಕೆ ತೀರ ಹತ್ತಿರದ ಕೊಂಬೆ. ಅದು ಆಫ್ರಿಕಾದವರಿಗೇ ವಿಶಿಷ್ಟ ಎಂಬುದು ಅದುವರೆಗಿನ ತಿಳಿವಳಿಕೆ. ಪಶ್ಚಿಮ ಯೂರೋಪಿನಿಂದ ಒಂದು ಉದಾಹರಣೆಯೂ ವರದಿಯಾಗಿರಲಿಲ್ಲ. ಆಫ್ರಿಕಾದ ಮಾದರಿಗಳ ಜೊತೆ ಹೋಲಿಸಿ ನೋಡಿದಾಗ ಇದರ ಮೂಲ ಪಶ್ಚಿಮ ಆಫ್ರಿಕಾದ ಕಡೆಗೆ ಬೊಟ್ಟುಮಾಡುತ್ತಿತ್ತು. ಆ ಗೃಹಸ್ಥರ ಅಡ್ಡಹೆಸರು ಪೂರ್ವ ಯಾರ್ಕ್‌ಷೈರಿನ ಕಡೆಯ ಒಂದು ಅಪರೂಪದ ಹೆಸರು. ಅದೇ ಹೆಸರಿನ 18 ಗಂಡಸರನ್ನು ಹುಡುಕಿ ಪರೀಕ್ಷಿಸಿದರೆ 7 ಮಂದಿಯಲ್ಲಿ ಅದೇ ವರ್ಣತಂತು ಇತ್ತು. ಪ್ರಬಂಧ ಆ ಹೆಸರನ್ನು ಬಿಡಿಸಿ ಹೇಳಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿಯಾದಾಗ ಅದು ಹೊರಗೆ ಬಂತು: ರೆವಿಸ್.

ಇಂಗ್ಲೆಂಡಿನಲ್ಲಿ ಸ್ಮಿತ್, ಟೇಲರ್, ಬ್ರೌನ್ ಎಂಬ ಹೆಸರಿನವರು ಲೆಕ್ಕವಿಲ್ಲದಷ್ಟು. ಕಮ್ಮಾರ, ದರ್ಜಿ, ಕಂದುಬಣ್ಣದವ ಎಂಬ ಗುರುತುಗಳು ನೂರಾರು ಊರುಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿಕೊಂಡವು. ಇಬ್ಬರು ಸ್ಮಿತ್‌ಗಳು ನೆಂಟರೆಂದು ಯಾರೂ ಭಾವಿಸುವುದಿಲ್ಲ. ಅಪರೂಪದ ಹೆಸರಿನ ಲೆಕ್ಕಾಚಾರವೇ ಬೇರೆ. ಹೆಸರು ವಿರಳವಾದಷ್ಟೂ ಅದನ್ನು ಹೊತ್ತವರೆಲ್ಲ ಒಂದೇ ಮೂಲಪುರುಷನಿಂದ, ಒಂದೇ ಮಣ್ಣಿನಿಂದ, ಬೆರಕೆಯಿಲ್ಲದೆ ಇಳಿದುಬಂದವರು ಎಂಬ ನಂಬಿಕೆ ಆ ನಾಡಿನಲ್ಲಿ ಗಟ್ಟಿಯಾಗಿದೆ. ಅದಕ್ಕೇ ರೆವಿಸ್ ಸುದ್ದಿ ಜನರಿಗೆ ಅಷ್ಟು ಬೆರಗು ಹುಟ್ಟಿಸಿದ್ದು. ಅಪ್ಪಟ ಯಾರ್ಕ್‌ಷೈರ್ ಹೆಸರಿನೊಳಗೆ ಆಫ್ರಿಕಾ ನುಸುಳಿದ್ದಾದರೂ ಹೇಗೆ ಎಂಬ ಧಾಟಿಯಲ್ಲೇ ಅದರ ಚರ್ಚೆ ನಡೆಯಿತು. ಆ ಪ್ರಶ್ನೆಯನ್ನು ಕೇಳಿದ ರೀತಿಯೇ ತಪ್ಪು ಎಂದು ನನಗನ್ನಿಸುತ್ತದೆ. ಈ ಹೆಸರಿನ ಚರಿತ್ರೆಯನ್ನು ಮೊದಲಿನಿಂದ ಹಿಡಿದು ನೋಡಿದರೆ ಅದರಲ್ಲಿ ಅಪ್ಪಟವಾದ ಒಂದು ಘಟ್ಟವೂ ಸಿಗುವುದಿಲ್ಲ. ಹುಟ್ಟಿದ ದಿನದಿಂದಲೂ ಅದು ಬೇರೆಲ್ಲಿಂದಲೋ ಬಂದವರ ಹೆಸರು. ಪಶ್ಚಿಮ ಆಫ್ರಿಕಾದ ಆ ಅಜ್ಞಾತ ಪೂರ್ವಜ ಅದೇ ಸಾಲಿನಲ್ಲಿ ಬಂದ ಇನ್ನೊಬ್ಬ, ಅಷ್ಟೆ.

ಹೆಸರಿನ ಹುಟ್ಟಿನಿಂದಲೇ ಶುರುಮಾಡೋಣ. ಇಂಗ್ಲಿಷ್ ಹೆಸರುಗಳ ನಿಘಂಟುಕಾರರು ರೆವಿಸ್, ರಿವಿಸ್, ರೀವಿಸ್ ಎಂಬ ರೂಪಗಳನ್ನೆಲ್ಲ ಉತ್ತರ ಯಾರ್ಕ್‌ಷೈರಿನ ಒಂದೇ ಜಾಗದ ಹೆಸರಿಗೆ ಜೋಡಿಸುತ್ತಾರೆ. ಇಂದು ರೀವೋ ಎಂದು ಉಚ್ಚರಿಸುವ ಆ ಜಾಗ ಹೆಲ್ಮ್ಸ್‌ಲಿ ಪೇಟೆಯ ಹತ್ತಿರ, ರೈ ಎಂಬ ಹೊಳೆಯ ಕಣಿವೆಯಲ್ಲಿದೆ. 1132ರ ಮಾರ್ಚ್ ತಿಂಗಳಲ್ಲಿ ಸಿಸ್ಟರ್ಸಿಯನ್ ಪಂಥದ ಸಂನ್ಯಾಸಿಗಳು ಅಲ್ಲಿ ಮಠ ಕಟ್ಟಿದರು. ಜಾಗ ಕೊಟ್ಟವನು ಹೆಲ್ಮ್ಸ್‌ಲಿಯ ಒಡೆಯ ವಾಲ್ಟರ್ ಎಸ್ಪೆಕ್. ಸಂನ್ಯಾಸಿಗಳನ್ನು ಕಳಿಸಿದ್ದು ಫ್ರಾನ್ಸಿನ ಕ್ಲೆರ್ವೋ ಮಠ, ಸಂತ ಬರ್ನಾರ್ಡನ ಮಠ. ಕ್ಲೆರ್ವೋ ಎಂದರೆ ತಿಳಿಬೆಳಕಿನ ಕಣಿವೆ. ಅದರ ಲ್ಯಾಟಿನ್ ರೂಪ ಕ್ಲಾರಾ ವಾಲಿಸ್. ಅದೇ ಅಚ್ಚಿನಲ್ಲಿ ರೈ ಹೊಳೆಯ ಕಣಿವೆ ಲ್ಯಾಟಿನ್ನಿನಲ್ಲಿ ರೀವಾಲಿಸ್ ಆಯಿತು, ನಾರ್ಮನ್ ಫ್ರೆಂಚಿನಲ್ಲಿ ‘ವೋ’ ಎಂಬ ಕಣಿವೆವಾಚಕ ಬಾಲವನ್ನು ಪಡೆಯಿತು. ಹೊಳೆಯ ಹೆಸರಾದರೂ ಇಂಗ್ಲಿಷರದ್ದೇ ಎಂದುಕೊಂಡರೆ ಅದೂ ಅಲ್ಲ: ರೈ ಎಂಬುದು ಆಂಗ್ಲರು ಬರುವ ಮುಂಚಿನ ಬ್ರಿಟನ್ನಿನ ಕೆಲ್ಟಿಕ್ ನುಡಿಯ ಶಬ್ದವೆಂದು ಸ್ಥಳನಾಮ ತಜ್ಞರ ಅಭಿಪ್ರಾಯ. ಅಂದರೆ ರೆವಿಸ್ ಎಂಬ ಎರಡಕ್ಷರದ ಇಂಗ್ಲಿಷ್ ಹೆಸರಿನಲ್ಲಿ ಹಳೆ ಇಂಗ್ಲಿಷಿನ ಧಾತು ಒಂದೂ ಇಲ್ಲ. ಮೊದಲ ಅರ್ಧ ಕೆಲ್ಟರದು, ಎರಡನೆಯ ಅರ್ಧ ಫ್ರೆಂಚರದು, ಎರಡನ್ನೂ ಬೆಸೆದದ್ದು ಬರ್ಗಂಡಿಯಲ್ಲಿ ಹುಟ್ಟಿದ ಒಂದು ಸಂನ್ಯಾಸಿ ಪಂಥ.

ಇನ್ನು ಆ ಜಾಗದ ಹೆಸರು ಮನುಷ್ಯರ ಹೆಸರಾಗುವ ಬಗೆ. ಊರಿನ ಹೆಸರು ಊರಲ್ಲೇ ಇರುವವನಿಗೆ ಅಂಟುವುದಿಲ್ಲ. ಉತ್ತರ ಕರ್ನಾಟಕದ ಅಡ್ಡಹೆಸರುಗಳ ಪರಿಚಯ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ: ಸವಣೂರಿನಲ್ಲೇ ಇರುವವನನ್ನು ಅಲ್ಲಿಯವರು ಸವಣೂರ ಎಂದು ಕರೆದು ಏನು ಗುರುತು ಸಿಕ್ಕೀತು? ಸವಣೂರು ಬಿಟ್ಟು ಬೇರೆ ಊರಲ್ಲಿ ಮನೆ ಮಾಡಿದಾಗ ಆ ಹೊಸ ಊರಿನವರು ಅವನಿಗೆ ಆ ಹೆಸರಿಡುತ್ತಾರೆ. ಯಾರ್ಕ್‌ಷೈರಿನಲ್ಲಿ ನಡೆದದ್ದೂ ಇದೇ. ‘ರೀವೋದ ಜಾನ್’ ಎಂಬ ಮಾತಿಗೆ ಅರ್ಥ ಬರಬೇಕಾದರೆ ಜಾನ್ ರೀವೋ ಕಣಿವೆಯ ಹೊರಗೆ, ಆ ಕಣಿವೆಯಿಂದ ಬಂದ ಬೇರೆ ಜಾನ್‌ಗಳಿಲ್ಲದ ಒಂದು ಹಳ್ಳಿಯಲ್ಲಿ ನಿಂತಿರಬೇಕು. ಉತ್ತರ ಇಂಗ್ಲೆಂಡಿನ ಸಾಮಾನ್ಯ ಜನರಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಅಡ್ಡಹೆಸರು ನೆಲೆಯೂರಿದ್ದು ದಕ್ಷಿಣಕ್ಕಿಂತ ತಡವಾಗಿ. 14ನೆಯ ಶತಮಾನದಲ್ಲಿಯೂ ಅಲ್ಲಿ ಹಲವರ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಅವು ಗಟ್ಟಿಯಾಗುವ ಹೊತ್ತಿಗೆ ‘ದ’ ಎಂಬ ವಿಭಕ್ತಿ ಬಿದ್ದುಹೋಗಿ ರೀವೋ ಮಾತ್ರ ಉಳಿಯಿತು. ಹಾಗಾಗಿ ಈ ಹೆಸರು ಮೊದಲು ಹೇಳಿದ ಸಂಗತಿ, ಈ ಮನುಷ್ಯ ಇಲ್ಲಿಯವನಲ್ಲ ಎಂಬುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದೇನಲ್ಲ. ರೀವೋ ಒಂದು ಮಠ. ಸಂನ್ಯಾಸಿಗಳಿಗೆ ಹೆಂಡತಿ ಮಕ್ಕಳಿಲ್ಲ. ಸಿಸ್ಟರ್ಸಿಯನ್ನರಂತೂ ಜನವಸತಿಯಿಂದ ದೂರ ಸರಿದು ಕಾಡುಕಣಿವೆಗಳನ್ನೇ ಆರಿಸಿಕೊಂಡವರು. ಮಠದ ಹೆಸರು ಸಂಸಾರಿಗಳ ಮನೆತನದ ಹೆಸರಾಗುವುದು ಹೇಗೆ? ಉತ್ತರ ಮಠದ ಆರ್ಥಿಕತೆಯಲ್ಲಿದೆ. ಏಲ್ರೆಡ್ ಮಠಾಧಿಪತಿಯಾಗಿದ್ದ 1147ರಿಂದ 1167ರ ಅವಧಿಯಲ್ಲಿ ಅಲ್ಲಿ 140 ಸಂನ್ಯಾಸಿಗಳೂ ಸುಮಾರು 500 ಸಹಾಯಕ ಸೋದರರೂ ಇದ್ದರೆಂದು ಅವನ ಚರಿತ್ರೆ ಬರೆದ ಶಿಷ್ಯ ಹೇಳುತ್ತಾನೆ. ಕಣಿವೆಯ ಆಚೆಗೂ ಮಠದ ಹೊಲಮನೆಗಳು ಹಬ್ಬಿದ್ದವು, ಕುರಿ ಸಾಕಣೆ ದೊಡ್ಡದಿತ್ತು, ಉಣ್ಣೆ ಇಟಲಿಯ ವರ್ತಕರವರೆಗೆ ಹೋಗುತ್ತಿತ್ತು, ಕಬ್ಬಿಣದ ಕುಲುಮೆಗಳಿದ್ದವು. ಆರಂಭದಲ್ಲಿ ಈ ದುಡಿಮೆಯನ್ನು ವ್ರತ ತೊಟ್ಟ ಸೋದರರೇ ನಡೆಸುತ್ತಿದ್ದರು. 1348ರ ಮಹಾಮಾರಿಯ ನಂತರ ಆ ವ್ಯವಸ್ಥೆ ಉಳಿಯಲಿಲ್ಲ. 1381ರಲ್ಲಿ ರೀವೋದಲ್ಲಿ ಇದ್ದವರು ಮಠಾಧಿಪತಿ, 14 ಸಂನ್ಯಾಸಿಗಳು, 3 ಸಹಾಯಕ ಸೋದರರು ಮಾತ್ರ. ಹೊಲ, ಹಿಂಡು, ಕುಲುಮೆಗಳು ಒಕ್ಕಲುಗಳ ಕೈಗೆ, ಕೂಲಿಯವರ ಕೈಗೆ ಬಂದವು. ಅವರೆಲ್ಲ ಹೆಂಡಿರು ಮಕ್ಕಳಿದ್ದವರು. ಕೂಲಿಯಾಳಿಗೆ ಬರ ಬಿದ್ದ ಆ ಕಾಲದಲ್ಲಿ ಹೆಚ್ಚು ಕೂಲಿ ಸಿಗುವ ಕಡೆಗೆ ಅವರು ನಡೆದುಹೋಗುತ್ತಿದ್ದರು. ಅದನ್ನು ತಡೆಯಲೆಂದು ಸರ್ಕಾರ 1351ರಲ್ಲಿ ಕಾನೂನನ್ನೇ ತಂದಿತ್ತು. ರೀವೋ ಎಂಬ ಹೆಸರು ಹೊತ್ತು ಕಣಿವೆ ಬಿಟ್ಟವರನ್ನು ನಾವು ಹುಡುಕಬೇಕಾದದ್ದು ಇಂಥವರ ನಡುವೆ. ಹೆಸರಿನಲ್ಲಿ ಮಠವಿದೆಯೆಂದು ಪೂರ್ವಜ ಮಠದ ದೊಡ್ಡ ಮನುಷ್ಯನೆಂದು ಭಾವಿಸಬಾರದು. ಅವನು ಕುರುಬನೋ ಕುಲುಮೆಯ ಆಳೋ ಆಗಿರುವ ಸಂಭವವೇ ಹೆಚ್ಚು.

ಆಮೇಲೆ 1538 ಬಂತು. ರೀವೋ ಎಂಬ ಸ್ಥಳ ಮತ್ತು ರೆವಿಸ್ ಎಂಬ ಹೆಸರು, ಎರಡರ ಹಣೆಬರಹವೂ ಒಂದೇ ವರ್ಷದಲ್ಲಿ ನಿರ್ಧಾರವಾಯಿತು, ಅದೂ ಒಬ್ಬನೇ ಅಧಿಕಾರಿಯ ಕೈಯಲ್ಲಿ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಸೆಪ್ಟೆಂಬರ್ 5ರಂದು ಒಂದು ಆಜ್ಞೆ ಹೊರಡಿಸಿದ. ಪ್ರತಿ ಚರ್ಚಿನಲ್ಲೂ ಒಂದು ಪುಸ್ತಕ ಇರಬೇಕು, ಅದರಲ್ಲಿ ಆ ಚರ್ಚಿನ ವ್ಯಾಪ್ತಿಯ ಪ್ರತಿಯೊಂದು ಮದುವೆ, ದೀಕ್ಷಾಸ್ನಾನ, ಶವಸಂಸ್ಕಾರವನ್ನು ಬರೆಯಬೇಕು. ಪುಸ್ತಕವನ್ನು ಇಡಲು ಎರಡು ಬೀಗದ ಒಂದು ಗಟ್ಟಿ ಪೆಟ್ಟಿಗೆ. ಒಂದು ಬೀಗದ ಕೈ ಪಾದ್ರಿಯ ಬಳಿ, ಇನ್ನೊಂದು ಚರ್ಚಿನ ಮೇಲ್ವಿಚಾರಕರ ಬಳಿ. ಪ್ರತಿ ಭಾನುವಾರ ಮೇಲ್ವಿಚಾರಕರ ಎದುರಿನಲ್ಲೇ ಪಾದ್ರಿ ಪೆಟ್ಟಿಗೆ ತೆಗೆದು ಆ ವಾರದ್ದನ್ನು ಬರೆಯಬೇಕು. ತಪ್ಪಿದರೆ 3 ಷಿಲಿಂಗ್ 4 ಪೆನ್ಸ್ ದಂಡ, ಅದು ಚರ್ಚಿನ ದುರಸ್ತಿಗೆ. ಮೂರು ತಿಂಗಳು ಕಳೆಯುವುದರೊಳಗೆ, ಡಿಸೆಂಬರ್ 3ರಂದು, ಅದೇ ಕ್ರಾಮ್‌ವೆಲ್ ನಡೆಸುತ್ತಿದ್ದ ಮಠವಿಸರ್ಜನೆಯ ಅಭಿಯಾನದಲ್ಲಿ ರೀವೋ ಮಠ ರಾಜನ ವಶವಾಯಿತು. ಆಸ್ತಿ ರಟ್‌ಲಂಡಿನ ಅರ್ಲ್ ಥಾಮಸ್ ಮ್ಯಾನರ್ಸನ ಪಾಲಾಯಿತು. ಛಾವಣಿಯ ಸೀಸವನ್ನು ಕಿತ್ತು ಕರಗಿಸಿ ರಾಜಮುದ್ರೆ ಒತ್ತಿದ ಗಟ್ಟಿಗಳನ್ನಾಗಿ ಎರಕಹೊಯ್ದರು. ಅವುಗಳಲ್ಲಿ ಕೆಲವು ಗಟ್ಟಿಗಳು ಸಾಗಿಸುವ ಮೊದಲೇ ಕುಸಿದ ಗೋಡೆಯ ಅಡಿ ಹೂತುಹೋದವು. 1920ರ ದಶಕದ ಉತ್ಖನನದಲ್ಲಿ ಅವು ಸಿಕ್ಕಾಗ ಆ ಸೀಸವನ್ನು ಯಾರ್ಕ್ ಮಹಾಚರ್ಚಿನ ಐವರು ಸೋದರಿಯರ ಕಿಟಕಿ ಎಂದು ಹೆಸರಾದ ಗಾಜಿನ ಕಿಟಕಿಯ ರಿಪೇರಿಗೆ ಬಳಸಿದರು.

ಹೀಗೆ ಸ್ಥಳ ಹಾಳಾದ ವರ್ಷವೇ ಹೆಸರಿಗೆ ಪುಸ್ತಕ ಸಿಕ್ಕಿತು. ಕಲ್ಲಿನ ಮಠ ಬಯಲಾಯಿತು, ಆಳುಕಾಳುಗಳ ಹೆಸರು ಎರಡು ಬೀಗದ ಪೆಟ್ಟಿಗೆಯೊಳಗೆ ಸೇರಿತು. ಈ ದಾಖಲೆಗಳ ಮೇಲೇ ಇಂಗ್ಲೆಂಡಿನ ವಂಶಚರಿತ್ರೆಯೆಲ್ಲ ನಿಂತಿದೆ; 2007ರ ಸಂಶೋಧಕರು ಬೆನ್ನುಹತ್ತಿ ಹೋದದ್ದೂ ಇವುಗಳನ್ನೇ. ಆದರೆ ಅವು ಏನನ್ನು ಬರೆದವು ಎಂಬುದನ್ನು ಗಮನಿಸಬೇಕು. ಪಾದ್ರಿ ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದ; ಆದ್ದರಿಂದಲೇ ರೆವಿಸ್, ರಿವಿಸ್, ರೀವಿಸ್ ಎಂದು ಹಲವು ಕಾಗುಣಿತ. ಮದುವೆಯಾದ ಹೆಣ್ಣು ಗಂಡನ ಹೆಸರಿನೊಳಗೆ ಸೇರಿಹೋಗುತ್ತಿದ್ದಳು. ಮದುವೆಯಾಗದ ತಾಯಿಯ ಮಗುವಿಗೆ ಹೆಚ್ಚಾಗಿ ತಾಯಿಯ ಹೆಸರೇ ನಿಲ್ಲುತ್ತಿತ್ತು. ಮಲತಂದೆಯ ಮನೆಯಲ್ಲಿ ಬೆಳೆದವನು ಅವನ ಹೆಸರಿನಿಂದ ಗುರುತಾಗುತ್ತಿದ್ದ. ಇವೆಲ್ಲ ಆ ಪುಸ್ತಕದ ಪ್ರಕಾರ ಸರಿಯಾದ ಹೆಸರುಗಳೇ. ಯಾವ ಮನೆಯ ಹೆಸರಿನಲ್ಲಿ ಒಬ್ಬ ಬಾಳಿದ ಎಂಬುದಕ್ಕೆ ಅದು ಸಾಕ್ಷಿ. ಯಾರ ಬೀಜ ಎಂಬುದಕ್ಕೆ ಅದು ಎಂದೂ ಸಾಕ್ಷಿಯಾಗಿರಲಿಲ್ಲ.

ಇನ್ನು ಅಪರೂಪ ಎಂಬ ಗುಣದ ವಿಚಾರ. ವಿರಳವಾದದ್ದು ಕುಲೀನವಾದದ್ದು ಎಂಬ ಭಾವನೆಗೆ ಯಾವ ಆಧಾರವೂ ಇಲ್ಲ. 1873ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ಲೆಕ್ಕವನ್ನು ಓದುಗರ ಮುಂದಿಟ್ಟ: ಪ್ರತಿ ಗಂಡಸಿಗೆ ಹುಟ್ಟುವ ಗಂಡುಮಕ್ಕಳ ಸಂಖ್ಯೆ ಬರೀ ಅದೃಷ್ಟದ ಮೇಲೆ ನಿಂತಿದ್ದರೆ ಒಂದು ನಾಡಿನ ಅಡ್ಡಹೆಸರುಗಳಲ್ಲಿ ಎಷ್ಟು ಅಳಿದುಹೋಗುತ್ತವೆ? ಪಾದ್ರಿಯೂ ಗಣಿತಜ್ಞನೂ ಆಗಿದ್ದ ಹೆನ್ರಿ ವಾಟ್ಸನ್ ಅದನ್ನು ಬಿಡಿಸಲು ಹೊರಟ, 1874ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ವಾಟ್ಸನ್ನನ ಕೊನೆಯ ತೀರ್ಮಾನದಲ್ಲಿ ತಪ್ಪಿತ್ತು, ಎಲ್ಲ ಹೆಸರುಗಳೂ ಅಳಿಯಲೇಬೇಕು ಎಂದುಬಿಟ್ಟಿದ್ದ. ಆದರೆ ಅವನ ದಾರಿ ಸರಿಯಾಗಿತ್ತು. ಕೇವಲ ಹೆಣ್ಣುಮಕ್ಕಳು ಹುಟ್ಟಿದ ಒಂದು ತಲೆಮಾರು, ಮನೆ ಖಾಲಿ ಮಾಡಿದ ಒಂದು ಪ್ಲೇಗು, ಇಷ್ಟಾದರೆ ಹೆಸರು ಮುಗಿಯಿತು. ರೆವಿಸ್ ಹೆಸರು ಮುಗಿಯದೆ ಉಳಿದದ್ದೂ ಅಗಲವಾಗಿ ಹರಡದೆ ಹೋದದ್ದೂ ಇದೇ ಪಗಡೆಯಾಟದ ಫಲ. ಒಂದೊಂದು ಶತಮಾನದಲ್ಲೂ ಅದು ಕೆಲವೇ ಗಂಡುಮಕ್ಕಳ ಹೆಗಲ ಮೇಲೆ ಸಾಗಿಬಂತು. ಅಂಥ ಸಣ್ಣ ಗುಂಪಿನಲ್ಲಿ ನಡುವೆ ಬಂದು ಸೇರಿದ ಒಬ್ಬನೇ ಒಬ್ಬ, ಅವನಿಗೆ ಗಂಡುಮಕ್ಕಳು ಹೆಚ್ಚಾದರೆ, ಹೆಸರಿನ ದೊಡ್ಡ ಪಾಲನ್ನೇ ತನ್ನದಾಗಿಸಿಕೊಳ್ಳಬಲ್ಲ. 18ರಲ್ಲಿ 7 ಎಂಬ ಲೆಕ್ಕ ಹಾಗೆ ಬಂದದ್ದು.

ವಿಜ್ಞಾನವೇ ಅಪರೂಪದ ಹೆಸರುಗಳ ಪರವಾಗಿ ತೀರ್ಪು ಕೊಟ್ಟಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟಿರುವುದು ನಿಜ. ಕಿಂಗ್ ಮತ್ತು ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಅಡ್ಡಹೆಸರುಗಳ 1,678 ಗಂಡಸರನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಸ್ಮಿತ್‌ಗಳಲ್ಲಿ ವರ್ಣತಂತುಗಳು ದಾರಿಹೋಕರಲ್ಲಿದ್ದಷ್ಟೇ ಬಗೆಬಗೆಯವು. ಹೆಸರು ವಿರಳವಾದಂತೆ ಒಂದೇ ಬಗೆಯವು ಹೆಚ್ಚಾದವು. ನಾಟಿಂಗ್‌ಹ್ಯಾಮ್‌ಷೈರಿನ ಅಟೆನ್‌ಬರೋ ಹೆಸರಿನವರಲ್ಲಿ ಶೇ. 87 ಮಂದಿ ಒಂದೇ ಬಗೆಯ ವರ್ಣತಂತು ಹೊಂದಿದ್ದರು. ಒಬ್ಬನೇ ಮೂಲಪುರುಷ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು, ಅದನ್ನು ಅಲ್ಲಗಳೆಯುವ ಕಾರಣ ನನಗಿಲ್ಲ. ಯಾರ್ಕ್‌ಷೈರ್ ಹೆಸರುಗಳನ್ನು ಬದುಕಿಡೀ ಅಭ್ಯಾಸ ಮಾಡಿದ ಜಾರ್ಜ್ ರೆಡ್‌ಮಂಡ್ಸ್ ಕೂಡ, ಬರೀ ಕಾಗದಪತ್ರಗಳ ಬಲದಿಂದಲೇ, ಎಷ್ಟೋ ಹೆಸರುಗಳಿಗೆ ಒಂದೇ ಕುಟುಂಬ ಮೂಲವೆಂದು ಮೊದಲೇ ಹೇಳಿದ್ದರು. ಆದರೆ ಒಬ್ಬ ಮೂಲಪುರುಷ ಎಂಬುದರಿಂದ ಸ್ಥಳೀಯ ಮೂಲಪುರುಷ ಎಂಬಲ್ಲಿಗೆ ಹಾರುವುದು ಸಲ್ಲದು. ಅಟೆನ್‌ಬರೋ ಮನೆತನದವರಲ್ಲಿ ಹಂಚಿಕೆಯಾದ ಆ ವರ್ಣತಂತು ಇ1ಬಿ1ಬಿ1 ಗುಂಪಿನದು; ಉತ್ತರ ಆಫ್ರಿಕಾ ಮತ್ತು ಮೆಡಿಟರೇನಿಯನ್ ತೀರಗಳಲ್ಲಿ ಸಾಮಾನ್ಯ, ಇಂಗ್ಲೆಂಡಿನಲ್ಲಿ ವಿರಳ. ಒಂದೇ ಮೂಲಕ್ಕೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡ ಇಂಗ್ಲಿಷ್ ಹೆಸರಿನ ಬುಡದಲ್ಲಿಯೂ ದೂರದಿಂದ ಬಂದ ಒಂದು ಎಳೆ ಇದೆ.

ಹಾಗಿದ್ದರೆ ರೆವಿಸ್ ಹೆಸರಿನೊಳಗೆ ಪಶ್ಚಿಮ ಆಫ್ರಿಕಾ ಸೇರಿದ್ದು ಯಾವಾಗ? ಎ1 ವರ್ಣತಂತು ಹೊತ್ತವರ ವಂಶಾವಳಿಗಳನ್ನು ಹಿಂದಕ್ಕೆ ಹಿಡಿದುಹೋದಾಗ ಅವು ಎರಡು ಕವಲುಗಳಾಗಿ 18ನೆಯ ಶತಮಾನದ ಕೊನೆಯ ಯಾರ್ಕ್‌ಷೈರಿಗೆ ತಲುಪಿದವು. ಎರಡು ಕವಲುಗಳನ್ನು ಜೋಡಿಸುವ ಕಾಗದ ಸಿಗಲಿಲ್ಲ. ವರ್ಣತಂತುವಿನ 77 ಗುರುತುಗಳನ್ನು ಎಣಿಸಿ ನೋಡಿದಾಗ ಅವು ಇನ್ನೂ ಕೆಲವೇ ತಲೆಮಾರು ಹಿಂದೆ ಕೂಡುತ್ತವೆ ಎಂದು ತೋರಿತು. ಇದರಿಂದ ಹಲವರು ತಕ್ಷಣ ಗುಲಾಮರ ವ್ಯಾಪಾರದ ಕಾಲಕ್ಕೆ ಬೆರಳು ತೋರಿಸಿದರು. ಅದು ಸಾಧ್ಯ. 18ನೆಯ ಶತಮಾನದ ಬ್ರಿಟನ್ನಿನಲ್ಲಿ ಸುಮಾರು 10,000ದಿಂದ 15,000 ಆಫ್ರಿಕಾ ಮೂಲದವರಿದ್ದರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಹಳ್ಳಿಗಾಡಿನ ದೊಡ್ಡ ಬಂಗಲೆಗಳಲ್ಲೂ ಅವರನ್ನು ಆಳುಗಳಾಗಿ ಇಟ್ಟುಕೊಂಡಿದ್ದರು. ದೀಕ್ಷಾಸ್ನಾನದ ದಿನ ಅವರ ಹುಟ್ಟುಹೆಸರು ಅಳಿಸಿಹೋಗಿ ಒಂದು ಇಂಗ್ಲಿಷ್ ಹೆಸರು ಬರುತ್ತಿತ್ತು. ಚರ್ಚಿನ ಆ ಪುಸ್ತಕದ ಅತ್ಯಂತ ಕ್ರೂರವಾದ ಗೆರೆಗಳು ಅವು: ಒಬ್ಬ ಮನುಷ್ಯನ ಹಿಂದಿನದೆಲ್ಲವೂ ಆ ಒಂದು ಸಾಲಿನಲ್ಲಿ ಮುಚ್ಚಿಹೋಗುತ್ತಿತ್ತು.

ಆದರೂ ವರ್ಣತಂತುಗಳು ಕೂಡಿದ ಕಾಲವನ್ನು ಆಗಮನದ ಕಾಲ ಎಂದು ತಿಳಿಯುವುದು ತಪ್ಪು. ಇಂದು ಬದುಕಿರುವ ಕವಲುಗಳು ಎಲ್ಲಿ ಕೂಡುತ್ತವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಉಳಿದ ಕವಲುಗಳು ಗಾಲ್ಟನ್ನನ ಲೆಕ್ಕದಂತೆ ಅಳಿದುಹೋಗಿರಬಹುದು, ಮೊದಲು ಬಂದವನು ಅದಕ್ಕೂ ಎಷ್ಟೋ ಹಿಂದಿನವನಾಗಿರಬಹುದು. ಅದಕ್ಕೆ ಅವಕಾಶಗಳು ಕಡಿಮೆಯಿರಲಿಲ್ಲ. ಈಗಿನ ಲಿಬಿಯಾದಲ್ಲಿ ಹುಟ್ಟಿದ ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ 211ರಲ್ಲಿ ತೀರಿಕೊಂಡದ್ದು ಯಾರ್ಕ್ ನಗರದಲ್ಲಿ. ಹೇಡ್ರಿಯನ್ ಗೋಡೆಯ ಪಶ್ಚಿಮ ತುದಿಯ ಕೋಟೆಯೊಂದರಲ್ಲಿ ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಮೂರ್ ಎಂಬ ಜನರ ಪಡೆ ಇತ್ತು. 1901ರಲ್ಲಿ ಯಾರ್ಕಿನಲ್ಲಿ ಸಿಕ್ಕ ನಾಲ್ಕನೆಯ ಶತಮಾನದ ಹೆಂಗಸಿನ ಗೋರಿಯಲ್ಲಿ ಆನೆದಂತದ ಬಳೆಗಳೂ ಯಾರ್ಕ್‌ಷೈರಿನ ಕಪ್ಪುಕಲ್ಲಿನ ಬಳೆಗಳೂ ಜೊತೆಯಲ್ಲಿದ್ದವು. ಅವಳ ತಲೆಬುರುಡೆಯ ಅಳತೆಗಳು ಬೆರಕೆ ಮೂಲವನ್ನು ಸೂಚಿಸುತ್ತವೆ ಎಂದು 2010ರ ಅಧ್ಯಯನ ಹೇಳಿತು. ರೀವೋ ಮಠ ಇನ್ನೂ ನಿಂತಿದ್ದ ಕಾಲದಲ್ಲೇ, 1511ರಲ್ಲಿ, ವೆಸ್ಟ್‌ಮಿನ್‌ಸ್ಟರಿನ ಪಂದ್ಯಾವಳಿಯ ಚಿತ್ರಪಟದಲ್ಲಿ ರಾಜನ ಕಹಳೆಗಾರ ಜಾನ್ ಬ್ಲಾಂಕ್ ರುಮಾಲು ಸುತ್ತಿ ಕುದುರೆಯ ಮೇಲೆ ಕೂತಿದ್ದಾನೆ, ಅವನು ಆಫ್ರಿಕಾದವನು. ರೋಮನ್ನರ ಕಾಲದವರು ಹೆಚ್ಚಾಗಿ ಉತ್ತರ ಆಫ್ರಿಕಾದವರು, ಈ ವರ್ಣತಂತು ಪಶ್ಚಿಮದ್ದು, ಆದ್ದರಿಂದ ಅಷ್ಟು ಹಿಂದಕ್ಕೆ ಹೋಗುವುದಕ್ಕಿಂತ ಸಮೀಪದ ಶತಮಾನಗಳೇ ನನಗೆ ಹೆಚ್ಚು ನಂಬುವಂತೆ ಕಾಣುತ್ತವೆ. ರೆವಿಸ್‌ಗಳ ಆ ಪೂರ್ವಜ ನೇರ ಆಫ್ರಿಕಾದಿಂದ ಬಂದವನೇ ಆಗಬೇಕೆಂದೂ ಇಲ್ಲ. ಯೂರೋಪಿನ ಇನ್ನೊಂದು ಬಂದರಿನಲ್ಲಿ ಹುಟ್ಟಿದ ಮಗನೋ ಮೊಮ್ಮಗನೋ ಆಗಿರಬಹುದು.

ಕೊನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವುದು. ಒಂದು ವೈ ವರ್ಣತಂತುವಿನ ಮೇಲೆ ಇಷ್ಟೆಲ್ಲ ಕಟ್ಟುವುದು ಸರಿಯೇ? ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ಮನುಷ್ಯನಿಗೆ 1,024 ಪೂರ್ವಜರು. ಅವರಲ್ಲಿ ವೈ ವರ್ಣತಂತು ಬಂದದ್ದು ಒಬ್ಬನಿಂದ. ಆ ಏಳು ಮಂದಿ ಮೈಬಣ್ಣದಲ್ಲಿ, ಮಾತಿನಲ್ಲಿ, ಬಾಳಿನಲ್ಲಿ ಯಾವ ಯಾರ್ಕ್‌ಷೈರಿನವನಿಗೂ ಬೇರೆಯಲ್ಲ. ಅವರನ್ನು ಆಫ್ರಿಕನ್ನರೆನ್ನುವುದು ಅರ್ಥವಿಲ್ಲದ ಮಾತು. ಇದನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ: ಅಡ್ಡಹೆಸರು ಇಳಿದುಬಂದದ್ದೂ ಅದೇ ತೆಳು ದಾರಿಯಲ್ಲಿ, 1,024 ಮಂದಿಯಲ್ಲಿ ಒಬ್ಬನಿಂದ. ವರ್ಣತಂತು ಕ್ಷುಲ್ಲಕವಾದರೆ ಹೆಸರೂ ರಕ್ತದ ಸಾಕ್ಷಿಯಾಗಿ ಅಷ್ಟೇ ಕ್ಷುಲ್ಲಕ. ರೀವೋ ಕಣಿವೆಯ ಮೊದಲ ಒಕ್ಕಲಿನಿಂದ ನೇರ ಇಳಿದುಬಂದೆವೆಂಬ ಹೆಮ್ಮೆಗೆ ಇರುವ ಆಧಾರ, ಪಶ್ಚಿಮ ಆಫ್ರಿಕಾದ ಒಬ್ಬ ಅಜ್ಜನಿಂದ ಬಂದೆವೆಂಬ ಅಚ್ಚರಿಗಿರುವ ಆಧಾರಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ.

ಹೆಸರು ನಿಜವಾಗಿ ಕಾಪಾಡಿಕೊಂಡು ಬಂದದ್ದು ಬೇರೆಯದೇ ಒಂದನ್ನು. ರೀವೋ ಎಂಬ ಇಂದಿನ ಉಚ್ಚಾರ ಓದಿದವರು ಫ್ರೆಂಚ್ ಕಾಗುಣಿತ ನೋಡಿ ತಂದದ್ದು. ಇಂದಿನ ಪ್ರವಾಸಿಗಳೆಲ್ಲ ಹಾಗೇ ಅನ್ನುತ್ತಾರೆ. ಅಲ್ಲಿಯ ಹಳ್ಳಿಗರ ನಾಲಿಗೆಯಲ್ಲಿ ಅದು ಹಿಂದೆ ರಿವಿಸ್ ಆಗಿತ್ತು. ನಾರ್ಮನ್ನರು ಶಬ್ದದ ಕೊನೆಯಲ್ಲಿ ಆಡುತ್ತಿದ್ದ ಸಕಾರ ಯಾರ್ಕ್‌ಷೈರಿನ ಬಾಯಲ್ಲಿ ಸವೆದು ಹಾಗೆ ನಿಂತಿತ್ತು. ಸ್ಥಳ ಆ ಸದ್ದನ್ನು ಕಳೆದುಕೊಂಡಿತು. ಕಣಿವೆ ಬಿಟ್ಟವರ ಮಕ್ಕಳು ಅದನ್ನು ಬಿಡಲಿಲ್ಲ. ಕುರುಬರೂ ಕೂಲಿಯವರೂ ಮಠದ ಸುತ್ತ ಆಡಿಕೊಂಡಿದ್ದ ಆ ಹೆಸರು ಇಂದಿಗೂ ಅದೇ ಸಕಾರದೊಂದಿಗೆ ರೆವಿಸ್ ಮನೆತನದ ಹದಿನೆಂಟೂ ಮಂದಿಯ ಬಾಯಲ್ಲಿದೆ, ಆ ಏಳು ಮಂದಿಯ ಬಾಯಲ್ಲೂ.